ನೆಲವೂ ಸ್ವಲ್ಪ ಡೊಂಕಿತ್ತು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಅಮ್ಮ ನಮ್ಮ ಮೇಲೆ ಎಷ್ಟು ಸಲ ಪ್ರಯೋಗಿಸಿದ್ದಾರೆಂದರೆ, ಬೈಕಿನ ಗೇರು ಸರಿಯಾಗಿ ಬೀಳದೆ ಒದ್ದಾಡಿದ ಮೊದಲ ಐದು ವಾರ ನಾನು ಬೈಕಿನ ಮೇಲೆ ಒಂದೇ ಒಂದು ಅನುಮಾನವನ್ನೂ ಪಡಲಿಲ್ಲ. ತಪ್ಪೆಲ್ಲ ನನ್ನ ಎಡಗಾಲಿನದು, ನಲವತ್ತು ದಾಟಿದ ಕಾಲಿಗೆ ಹೊಸ ವಿದ್ಯೆ ಹತ್ತುವುದಿಲ್ಲ ಎಂದು ತೀರ್ಮಾನಿಸಿಕೊಂಡಿದ್ದೆ.

ಹದಿನಾರು ವರ್ಷ ಸ್ಕೂಟರ್ ಓಡಿಸಿದವಳು ನಾನು. ಸ್ಕೂಟರಿನಲ್ಲಿ ಕಾಲಿಗೆ ಕೆಲಸವೇ ಇಲ್ಲ. ಎರಡು ಪಾದಗಳ ನಡುವೆ ತರಕಾರಿ ಚೀಲವನ್ನೋ ಉತ್ತರಪತ್ರಿಕೆಗಳ ಕಟ್ಟನ್ನೋ ಇರಿಸಿಕೊಂಡು ಮೈಸೂರಿನ ತುಂಬ ಓಡಾಡಿದ್ದೇನೆ. ಆದರೆ ನಂಜನಗೂಡಿಗೆ ವರ್ಗವಾದ ಮೇಲೆ ದಿನಕ್ಕೆ ಹೋಗಿಬರುವುದೇ ಸುಮಾರು 50 ಕಿಲೋಮೀಟರ್ ಆಯಿತು. ಹೆದ್ದಾರಿಯಲ್ಲಿ 10 ಅಂಗುಲದ ಪುಟ್ಟ ಚಕ್ರ ಒಂದು ಗುಂಡಿಗೆ ಇಳಿದರೆ ಆ ಸಮಾಚಾರ ನೇರವಾಗಿ ಬೆನ್ನುಮೂಳೆಗೆ ತಲುಪುತ್ತಿತ್ತು. ಅದೇ ಗುಂಡಿಯ ಮೇಲೆ 17 ಅಂಗುಲದ ಚಕ್ರದ ಬೈಕುಗಳು ಏನೂ ಆಗದವರಂತೆ ಹಾದುಹೋಗುವುದನ್ನು ನೋಡಿ ನೋಡಿ ಹೊಟ್ಟೆಯುರಿದು, ಒಂದು ಬೈಕು ಕೊಂಡೇ ಬಿಡುವುದೆಂದು ನಿಶ್ಚಯಿಸಿದೆ.

ನನ್ನ ಚಾಲನಾ ಪರವಾನಗಿ ಗೇರ್ ಇಲ್ಲದ ದ್ವಿಚಕ್ರ ವಾಹನಕ್ಕೆ ಮಾತ್ರ ಇತ್ತು. ಗೇರ್ ಇರುವುದನ್ನು ಸೇರಿಸಬೇಕೆಂದರೆ ಮತ್ತೆ ಕಲಿಕಾ ಪರವಾನಗಿ, ಮತ್ತೆ 30 ದಿನ ಕಾಯುವುದು, ಮತ್ತೆ ಪರೀಕ್ಷೆ. ವಿದ್ಯಾರ್ಥಿಗಳಿಗೆ ಪಾಠ ಹೇಳುವ ಮೇಡಂ ಬೈಕಿನ ಮುಂದೆಯೂ ಹಿಂದೆಯೂ ಕೆಂಪು ಅಕ್ಷರದ ‘ಎಲ್’ ಅಂಟಿಸಿಕೊಂಡು ಬಂದರೆ ಹೇಗಿರುತ್ತದೆ ಎಂಬುದನ್ನು ಬಿಡಿಸಿ ಹೇಳುವುದಿಲ್ಲ.

ಬೈಕು ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್. 150 ಸಿಸಿ, ಐದು ಗೇರು. ಊರು ಬಿಟ್ಟು ಹೋಗುತ್ತಿದ್ದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಮಾರಿದರು. ಆರಡಿ ಎತ್ತರದ ಮನುಷ್ಯ, ಕಣಕಾಲು ಮುಚ್ಚುವಂಥ ದಪ್ಪ ಬೂಟು ಹಾಕಿದ್ದರು. ಆ ಬೂಟನ್ನು ಆ ದಿನ ನೋಡಿಯೂ ಅದರ ಅರ್ಥವನ್ನು ನಾನು ತಿಳಿಯದೆ ಹೋದೆ. ಮುಂದೆ ಹೇಳುತ್ತೇನೆ.

ಕಲಿಸುವ ಹೊಣೆ ಹೊತ್ತವನು ತಮ್ಮ. ಅವನದು ಸ್ಪ್ಲೆಂಡರ್. ‘ಅಕ್ಕ, ಮೊದಲು ನನ್ನ ಗಾಡಿಯಲ್ಲಿ ಕಲಿ, ಬಿದ್ದರೂ ಪರವಾಗಿಲ್ಲ’ ಎಂದ. ಉದಾರ ಬುದ್ಧಿಯೇ, ಆದರೆ ಅದರಿಂದ ಆದ ಅನಾಹುತ ಸಣ್ಣದಲ್ಲ. ಸ್ಪ್ಲೆಂಡರಿನಲ್ಲಿ ನಾಲ್ಕು ಗೇರು, ನಾಲ್ಕೂ ಒಂದೇ ದಿಕ್ಕಿಗೆ. ಗೇರ್ ಲಿವರಿನ ಮುಂದಿನ ತುದಿಯನ್ನು ಮುಂಗಾಲಿನಿಂದ ಒತ್ತುತ್ತಾ ಹೋದರೆ ಒಂದು, ಎರಡು, ಮೂರು, ನಾಲ್ಕು. ಹಿಂದಿನ ತುದಿಯನ್ನು ಹಿಮ್ಮಡಿಯಿಂದ ಒತ್ತಿದರೆ ಒಂದೊಂದೇ ಇಳಿಯುತ್ತದೆ. ಎತ್ತುವ ಪ್ರಶ್ನೆಯೇ ಇಲ್ಲ, ಎಲ್ಲವೂ ತುಳಿತ. ಚಪ್ಪಲಿ ಹಾಕಿಕೊಂಡು ಓಡಿಸುವ ನಮ್ಮ ಊರುಗಳಿಗೆ ಹೇಳಿ ಮಾಡಿಸಿದ ವ್ಯವಸ್ಥೆ ಅದು. ಬೆರಳ ಮೇಲ್ಭಾಗ ನೋಯುವುದಿಲ್ಲ, ಪಾಲಿಶ್ ಮಾಡಿದ ಷೂ ಕೆಡುವುದಿಲ್ಲ. ನಾಲ್ಕು ದಿನಗಳಲ್ಲಿ ನನ್ನ ಕಾಲಿಗೆ ಅದು ಒಗ್ಗಿಹೋಯಿತು.

ನನ್ನ ಬೈಕಿನ ಗೇರಿನ ಕ್ರಮ ಬೇರೆ. ಒಂದನೆಯದು ಕೆಳಕ್ಕೆ, ಉಳಿದ ನಾಲ್ಕು ಮೇಲಕ್ಕೆ. ಒಂದಕ್ಕೂ ಎರಡಕ್ಕೂ ನಡುವೆ ನ್ಯೂಟ್ರಲ್, ಅಂದರೆ ಯಾವ ಗೇರೂ ಬೀಳದ ಜಾಗ. ಹಿಮ್ಮಡಿಗೆ ಲಿವರೇ ಇಲ್ಲ. ಬೆರಳಿನಿಂದಲೇ ತುಳಿಯಬೇಕು, ಬೆರಳಿನಿಂದಲೇ ಎತ್ತಬೇಕು. ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಬಾಯಿಗೆ ಬಂದದ್ದು ಕಾಲಿಗೆ ಗೊತ್ತಿರಬೇಕಲ್ಲ. ಲಲಿತಮಹಲ್ ಕಡೆಯ ರಸ್ತೆಯಲ್ಲಿ ಬೆಳಗಿನ ಆರು ಗಂಟೆಗೆ, ಮೂರನೇ ಗೇರಿನಲ್ಲಿ 45ರ ವೇಗದಲ್ಲಿ ಹೋಗುತ್ತಾ ನಾಲ್ಕಕ್ಕೆ ಹಾಕೋಣವೆಂದು ಸ್ಪ್ಲೆಂಡರಿನ ನೆನಪಿನಲ್ಲಿ ಕಾಲು ಲಿವರನ್ನು ತುಳಿಯಿತು. ಬಿದ್ದದ್ದು ಎರಡನೇ ಗೇರು. ಎಡಗೈಯ ಕ್ಲಚ್ ಬಿಡುತ್ತಿದ್ದಂತೆಯೇ ಎಂಜಿನ್ ಕೋಣ ಅರಚಿದಂತೆ ಅರಚಿತು, ಹಿಂದಿನ ಚಕ್ರ ಕಿರ್ ಎಂದಿತು, ನಾನು ಟ್ಯಾಂಕಿನ ಮೇಲೆ ಕುಳಿತಿದ್ದೆ. ವಾಕಿಂಗ್ ಹೊರಟಿದ್ದ ಇಬ್ಬರು ಹಿರಿಯರು ನಿಂತು ನೋಡಿ, ನಾನು ಬದುಕಿರುವುದು ಖಚಿತವಾದ ಮೇಲೆ ಮುಂದೆ ನಡೆದರು.

ಆ ಗೊಂದಲ ಒಂದು ವಾರದಲ್ಲಿ ಹೋಯಿತು. ಹೋಗದೆ ಉಳಿದದ್ದು ಬೇರೆ. ಒಂದರಿಂದ ಎರಡಕ್ಕೆ ಎತ್ತಿದರೆ ಐದು ಸಲದಲ್ಲಿ ಎರಡು ಸಲ ನ್ಯೂಟ್ರಲ್‌ನಲ್ಲಿ ನಿಲ್ಲುತ್ತಿತ್ತು. ಸಿಗ್ನಲ್ ಹಸಿರಾಗುತ್ತದೆ, ಹೊರಡುತ್ತೇನೆ, ಎತ್ತುತ್ತೇನೆ, ಆಕ್ಸಿಲರೇಟರ್ ತಿರುವುತ್ತೇನೆ. ಎಂಜಿನ್ ಮಾತ್ರ ಕೂಗುತ್ತದೆ, ಬೈಕು ತೇಲುತ್ತದೆ. ಹಿಂದೆ ನಗರ ಸಾರಿಗೆ ಬಸ್ಸಿನ ಹಾರನ್. ಬಲ್ಲಾಳ್ ಸರ್ಕಲ್ಲಿನಲ್ಲಿ ಒಂದೇ ವಾರದಲ್ಲಿ ಮೂರು ಸಲ ಹೀಗಾಯಿತು. ಮೂರನೆಯ ಸಲ ಪಕ್ಕದ ಆಟೋದವರು, ‘ಮೇಡಂ, ಗೇರು ಬಿದ್ದಿಲ್ಲ’ ಎಂದು ತಿಳಿಸಿದರು. ಗೊತ್ತಿತ್ತು.

ಇನ್ನೊಂದು ಬಾಧೆ ದೇಹದ್ದು. ಮೊಣಕಾಲಿನಿಂದ ಕೆಳಗೆ ಎಡಗಾಲಿನ ಮುಂಭಾಗದ ಎಲುಬಿನ ಪಕ್ಕದ ಸ್ನಾಯು ಸಂಜೆಯ ಹೊತ್ತಿಗೆ ಸೆಟೆದುಕೊಳ್ಳುತ್ತಿತ್ತು. ಹೆಬ್ಬೆರಳಿನ ಉಗುರಿನ ಹಿಂದೆ ಕಂದಿದ ಗುರುತು. ತಮ್ಮನನ್ನು ಕೇಳಿದೆ, ಸ್ಟಾಫ್ ರೂಮಿನಲ್ಲಿ ಬುಲೆಟ್ ಓಡಿಸುವ ಸಹೋದ್ಯೋಗಿಯನ್ನು ಕೇಳಿದೆ. ಎಲ್ಲರದೂ ಒಂದೇ ಉತ್ತರ: ರೂಢಿಯಾಗುತ್ತದೆ. ‘ರೂಢಿಯಾಗುತ್ತದೆ’ ಎನ್ನುವುದು ಈ ಲೋಕದಲ್ಲಿ ಹೆಂಗಸರು ಅತಿ ಹೆಚ್ಚು ಸಲ ಕೇಳಿಸಿಕೊಳ್ಳುವ ಸಮಾಧಾನವಿರಬೇಕು; ಬಿಗಿಯಾದ ಬಳೆಯಿಂದ ಹಿಡಿದು ಎಲ್ಲದಕ್ಕೂ ಅದೇ ಔಷಧಿ.

ಈ ನಡುವೆ ಪರವಾನಗಿ ಪರೀಕ್ಷೆಯಲ್ಲಿ ಪಾಸಾದೆ. ಅದಕ್ಕೂ ಗೇರಿಗೂ ಹೆಚ್ಚಿನ ಸಂಬಂಧವಿಲ್ಲ. ಎಂಟರ ಆಕಾರದ ದಾರಿಯಲ್ಲಿ ಕಾಲು ನೆಲಕ್ಕೆ ತಾಗದಂತೆ ಸುತ್ತಬೇಕು, ಅಷ್ಟೇ. ಅರ್ಧ ಕ್ಲಚ್ ಹಿಡಿದು, ಒಂದನೇ ಗೇರಿನಲ್ಲೇ ಶುರು ಮಾಡಿ ಒಂದನೇ ಗೇರಿನಲ್ಲೇ ಮುಗಿಸಿದೆ. ಗೇರ್ ಇರುವ ವಾಹನ ಓಡಿಸಲು ಅರ್ಹಳು ಎಂದು ಸರ್ಕಾರ ಒಪ್ಪಿದ ದಿನ ನಾನು ಒಂದು ಸಲವೂ ಗೇರು ಬದಲಿಸಿರಲಿಲ್ಲ.

ಅನುಮಾನ ಹುಟ್ಟಿದ್ದು ಒಂದು ಭಾನುವಾರ, ಬೈಕು ತೊಳೆಯುವಾಗ. ಡಬಲ್ ಸ್ಟ್ಯಾಂಡ್ ಹಾಕಿ ಒರೆಸಿ, ಸುಮ್ಮನೆ ಹತ್ತಿ ಕುಳಿತೆ. ಓಡುವಾಗ ಯಾರೂ ತಮ್ಮ ಕಾಲನ್ನು ನೋಡಿಕೊಳ್ಳುವುದಿಲ್ಲ. ನಿಂತ ಬೈಕಿನ ಮೇಲೆ ಕುಳಿತಾಗ ನೋಡಬಹುದು. ಎಡಪಾದವನ್ನು ಫುಟ್‌ರೆಸ್ಟಿನ ಮೇಲಿಟ್ಟು ಮುಂದಕ್ಕೆ ಚಾಚಿದರೆ ಲಿವರಿನ ತುದಿ ನನ್ನ ಷೂವಿನ ಮೂಗಿಗಿಂತ ಎರಡು ಬೆರಳಷ್ಟು ಮೇಲಿತ್ತು. ಕೆಳಗೆ ಬೆರಳು ತೂರಿಸುವುದು ಸುಲಭ, ಎಷ್ಟು ಸುಲಭವೆಂದರೆ ಒಂದು ಮೊಟ್ಟೆಯನ್ನೂ ಜೊತೆಗೆ ತೂರಿಸಬಹುದಿತ್ತು. ಗೇರು ಎತ್ತಬೇಕೆಂದರೆ ಆ ಖಾಲಿ ಜಾಗವನ್ನು ಮೊದಲು ದಾಟಿ, ಆಮೇಲೆ ಲಿವರನ್ನು ಮುಟ್ಟಿ, ಆಮೇಲೆ ಎತ್ತಬೇಕು. ಅಷ್ಟರಲ್ಲಿ ನನ್ನ ಕಣಕಾಲು ಮಡಚುವ ಮಿತಿ ಮುಗಿದುಹೋಗುತ್ತಿತ್ತು. ಉಳಿದ ಎತ್ತುವಿಕೆಯನ್ನು ಮೊಣಕಾಲು ಮಾಡುತ್ತಿತ್ತು. ಪಾದವೇ ಫುಟ್‌ರೆಸ್ಟಿನಿಂದ ಮೇಲೇಳುತ್ತಿತ್ತು. ಅರ್ಧ ದಾರಿಗೆ ಬಲ ಸಾಲದೆ ಲಿವರ್ ನಿಂತರೆ, ಆ ಅರ್ಧ ದಾರಿಯಲ್ಲಿ ಕಾದು ಕುಳಿತಿರುವುದೇ ನ್ಯೂಟ್ರಲ್.

ಆಗ ನೆನಪಾಯಿತು ಹಿಂದಿನ ಮಾಲೀಕರ ಬೂಟು. ದಪ್ಪ ಚರ್ಮ, ಅದರ ಮೇಲೆ ಒಂದು ಪದರ. ಆ ಬೂಟಿನ ಮೂಗು ನನ್ನ ಐದು ನಂಬರ್ ಕ್ಯಾನ್ವಾಸ್ ಷೂವಿನ ಎರಡರಷ್ಟು ದಪ್ಪವಿತ್ತು. ಅವರು ಲಿವರನ್ನು ತಮ್ಮ ಬೂಟಿಗೆ ತಕ್ಕಂತೆ ಏರಿಸಿಕೊಂಡಿದ್ದರು. ನಾನು ಐದು ವಾರದಿಂದ ಬೇರೆಯವರ ಬೂಟಿನೊಳಗೆ ಕಾಲಿಟ್ಟು ಕುಣಿಯುತ್ತಿದ್ದೆ.

ಇಷ್ಟು ತಿಳಿದ ಉತ್ಸಾಹದಲ್ಲಿ ಮನೆಯ ಸ್ಕ್ರೂ ಡ್ರೈವರ್ ಡಬ್ಬಿ ತಂದೆ. ಲಿವರಿನಿಂದ ಎಂಜಿನ್ನಿನ ಕಡೆಗೆ ಒಂದು ಪೆನ್ಸಿಲ್ ಗಾತ್ರದ ರಾಡು ಹೋಗುತ್ತದೆ. ಅದರ ಎರಡು ತುದಿಗೂ ಒಂದೊಂದು ಲಾಕ್ ನಟ್. ಎರಡನ್ನೂ ಸಡಿಲಿಸಿ ರಾಡನ್ನು ತಿರುಗಿಸಿದರೆ ಲಿವರ್ ಏರುತ್ತದೆ ಅಥವಾ ಇಳಿಯುತ್ತದೆ ಎಂದು ನೋಡಿದರೇ ಅರ್ಥವಾಗುತ್ತಿತ್ತು. ಒಂದು ನಟ್ಟು ಸಲೀಸಾಗಿ ಬಿಚ್ಚಿಕೊಂಡಿತು. ಎರಡನೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ನಲ್ಲಿ ರಿಪೇರಿಗೆಂದು ತಂದಿಟ್ಟಿದ್ದ ದವಡೆ ಸ್ಪ್ಯಾನರಿನಿಂದ ಪ್ರಯತ್ನಿಸಿದೆ. ತುಸು ಹೊತ್ತಿನಲ್ಲಿ ನಟ್ಟಿನ ಆರು ಮೂಲೆಗಳೂ ಸವೆದು ಅದು ದುಂಡಗಿನ ಮಣಿಯಾಯಿತು. ನನ್ನ ಕೈಯ ಚರ್ಮವೂ ಸ್ವಲ್ಪ ಹೋಯಿತು.

ನಮ್ಮ ಬಡಾವಣೆಯ ಕೊನೆಯಲ್ಲಿ ಒಬ್ಬ ಹಳೆಯ ಮೇಸ್ತ್ರಿ ಇದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು. ಪ್ರಾಯದಲ್ಲಿ ಯಾದವಗಿರಿಯ ಜಾವಾ ಬೈಕ್ ಕಾರ್ಖಾನೆಯಲ್ಲಿದ್ದವರು. 1996ರಲ್ಲಿ ಅದು ಮುಚ್ಚಿದ ಮೇಲೆ ಸ್ವಂತ ಅಂಗಡಿ. ಮೈಸೂರಿನಲ್ಲಿ ಇಂಥವರು ಈಗಲೂ ಅಲ್ಲಲ್ಲಿ ಸಿಗುತ್ತಾರೆ. ಬೈಕು ತಳ್ಳಿಕೊಂಡು ಹೋಗಿ ಸವೆದ ನಟ್ಟನ್ನು ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.

‘ಯಾವ ಕಡೆಗೆ ತಿರುಗಿಸಿದಿರಿ ತಾಯಿ?’

ತೋರಿಸಿದೆ.

‘ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡಿದ್ದೀರಿ. ಇದು ಉಲ್ಟಾ ಥ್ರೆಡ್.’

ಥ್ರೆಡ್ ಎಂದರೆ ಮರೆ, ನಟ್ಟು ಹತ್ತುವ ಸುತ್ತುಗೆರೆ. ರಾಡಿನ ಒಂದು ತುದಿಗೆ ಮಾಮೂಲಿ ಮರೆ, ಇನ್ನೊಂದಕ್ಕೆ ಅದರ ವಿರುದ್ಧದ ಮರೆ. ಅದು ಕಿಡಿಗೇಡಿತನಕ್ಕೆ ಮಾಡಿದ್ದಲ್ಲ. ಎರಡೂ ಕಡೆ ಒಂದೇ ದಿಕ್ಕಿನ ಮರೆ ಇದ್ದಿದ್ದರೆ ರಾಡು ತಿರುಗಿದಂತೆ ಒಂದು ತುದಿ ಒಳಗೆ ಹೋಗಿ ಇನ್ನೊಂದು ಅಷ್ಟೇ ಹೊರಗೆ ಬರುತ್ತಿತ್ತು, ಒಟ್ಟು ಉದ್ದ ಹಾಗೇ ಉಳಿಯುತ್ತಿತ್ತು. ವಿರುದ್ಧ ಮರೆ ಇರುವುದರಿಂದ ಒಂದು ಕಡೆ ತಿರುಗಿಸಿದರೆ ಎರಡೂ ತುದಿ ಒಳಗೆ ಬರುತ್ತವೆ, ಇನ್ನೊಂದು ಕಡೆ ತಿರುಗಿಸಿದರೆ ಎರಡೂ ಹೊರಗೆ ಹೋಗುತ್ತವೆ. ಏನನ್ನೂ ಕಳಚದೆ ಉದ್ದ ಬದಲಿಸಬಹುದು. ಮೇಸ್ತ್ರಿ ಇದನ್ನು ಹೇಳಲಿಲ್ಲ. ಎರಡು ಕೈಯ ತೋರುಬೆರಳುಗಳನ್ನು ಎದುರುಬದುರಾಗಿ ಹಿಡಿದು ಹತ್ತಿರ ತಂದು, ದೂರ ಮಾಡಿ ತೋರಿಸಿದರು. ಹೊಸ ನಟ್ಟು ಎಂಟಾಣೆಯ ವಸ್ತುವೆಂಬಂತೆ ಹಾಕಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಆದರೆ ಲಿವರನ್ನು ಮುಟ್ಟುವ ಮೊದಲು ಅವರು ಮುಟ್ಟಿದ್ದು ಕ್ಲಚ್ಚನ್ನು. ‘ಕಾಲಿನ ಕಾಯಿಲೆ ಅರ್ಧ ಕೈಯಲ್ಲಿರುತ್ತದೆ’ ಎಂದರು. ಕ್ಲಚ್ ಲಿವರಿನ ತುದಿ 10ರಿಂದ 15 ಮಿಲಿಮೀಟರಿನಷ್ಟು ಸಡಿಲವಾಗಿ ಅಲ್ಲಾಡಬೇಕು, ಆಮೇಲೆ ಬಿಗಿ ಸಿಗಬೇಕು. ನನ್ನದು ಅದರ ಎರಡರಷ್ಟು ಅಲ್ಲಾಡುತ್ತಿತ್ತು. ಅಂದರೆ ನಾನು ಪೂರ್ತಿ ಹಿಡಿದಿದ್ದೇನೆ ಎಂದುಕೊಂಡಾಗಲೂ ಒಳಗಿನ ಪ್ಲೇಟುಗಳು ಪೂರ್ತಿ ಬಿಟ್ಟುಕೊಂಡಿರಲಿಲ್ಲ. ಎಂಜಿನ್ನಿನ ಎಳೆತ ಗೇರುಗಳ ಮೇಲೆ ಉಳಿದೇ ಇರುತ್ತಿತ್ತು. ಗೇರು ಗಟ್ಟಿಯಾಗುವುದಕ್ಕೂ, ನಿಂತಾಗ ನ್ಯೂಟ್ರಲ್ ಸಿಗದೆ ಕಾಡುವುದಕ್ಕೂ ಅದು ಒಂದು ಕಾರಣ. ಹೊರಟಾಗ ಬೇಡವಾದ ನ್ಯೂಟ್ರಲ್ ಬಂದು ಕೂರುವುದು, ನಿಂತಾಗ ಬೇಕಾದ ನ್ಯೂಟ್ರಲ್ ಕಣ್ಮರೆಯಾಗುವುದು, ಎರಡೂ ನನ್ನ ಪಾಲಿಗೇ ಬಂದದ್ದು ಹೀಗೆ.

ಕೇಬಲ್ಲನ್ನು ಹಿಡಿಕೆಯ ಬಳಿಯ ಅಡ್ಜಸ್ಟರಿನಲ್ಲಿ ಬಿಗಿದರು. ಗೇರ್ ಲಿವರಿನ ಕೀಲನ್ನು ಬಿಚ್ಚಿ ನೋಡಿದರೆ ಒಳಗೆ ಗ್ರೀಸ್ ಇದ್ದ ಜಾಗದಲ್ಲಿ ನಂಜನಗೂಡು ರಸ್ತೆಯ ಧೂಳು ಕಪ್ಪು ಹೆಂಟೆಯಾಗಿ ಕುಳಿತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ಹಚ್ಚಿದರು.

ಆಮೇಲೆ ನನ್ನನ್ನೇ ಬೈಕಿನ ಮೇಲೆ ಕೂರಿಸಿದರು. ‘ದಿನವೂ ಹಾಕುವ ಷೂ ಇದೇ ತಾನೆ?’ ಎಂದು ಕೇಳಿಕೊಂಡರು. ರಾಡಿನ ಮೇಲೆ ಈಗಿರುವ ಅಳತೆಗೆ ಗುರುತು ಹಾಕಲು ಬಣ್ಣ ಹುಡುಕುತ್ತಿದ್ದಾಗ ನನ್ನ ಕೈಚೀಲದಲ್ಲಿದ್ದ ಉಗುರು ಬಣ್ಣವನ್ನು ಕೊಟ್ಟೆ. ಕೆಟ್ಟರೆ ಮೊದಲಿದ್ದ ಜಾಗಕ್ಕೆ ಮರಳಬೇಕಲ್ಲ, ಅದಕ್ಕೆ ಗುರುತು. ಲಿವರ್ ಇಳಿಸುವುದಕ್ಕೆ ಇನ್ನೊಂದು ದಾರಿಯೂ ಇದೆ: ಗೇರ್ ಬಾಕ್ಸಿನಿಂದ ಹೊರಬರುವ ಶಾಫ್ಟಿನ ಮೇಲೆ ಸುತ್ತಲೂ ಸಣ್ಣ ಹಲ್ಲುಗಳಿವೆ, ಅದನ್ನು ಕಚ್ಚಿ ಹಿಡಿದ ತೋಳಿನ 10 ನಂಬರ್ ಬೋಲ್ಟನ್ನು ಪೂರ್ತಿ ತೆಗೆದು, ತೋಳನ್ನು ಹೊರಗೆಳೆದು, ಒಂದು ಹಲ್ಲು ಆಚೆಗೆ ಕೂರಿಸಬಹುದು. ರಾಡೇ ಇಲ್ಲದ ಬೈಕುಗಳಲ್ಲಿ ಅದೊಂದೇ ದಾರಿ. ಆದರೆ ಒಂದು ಹಲ್ಲು ಸರಿದರೆ ಲಿವರಿನ ತುದಿ ಬಹಳ ಸರಿಯುತ್ತದೆ. ರಾಡಿನದು ಕೂದಲೆಳೆಯ ಲೆಕ್ಕ.

‘ಎತ್ತರ ಬದಲಿಸಬಹುದು ತಾಯಿ, ಉದ್ದ ಬದಲಿಸಲು ಬರುವುದಿಲ್ಲ’ ಎಂದೂ ಹೇಳಿದರು. ಫುಟ್‌ರೆಸ್ಟಿನಿಂದ ಲಿವರಿಗಿರುವ ದೂರ ಕಾರ್ಖಾನೆ ಕೊಟ್ಟದ್ದೇ. ನನ್ನ ಪಾದ ಗಿಡ್ಡ. ಹಾಗಾಗಿ ಗೇರು ಬದಲಿಸುವಾಗ ಪಾದವನ್ನು ಕೊಂಚ ಮುಂದೆ ಸರಿಸಿ, ಫುಟ್‌ರೆಸ್ಟು ಅಂಗಾಲಿನ ಕುಳಿಗೆ ಬರುವಂತೆ ಇಟ್ಟುಕೊಳ್ಳಬೇಕಾಯಿತು.

ನಾನು ದುರಾಸೆಯಿಂದ ‘ಇನ್ನೂ ಸ್ವಲ್ಪ ಇಳಿಸಿ, ಇನ್ನೂ ಸ್ವಲ್ಪ’ ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿ, ಏನೂ ಹೇಳದೆ ಇಳಿಸಿದರು. ಎಂಜಿನ್ ಆಫ್ ಇರುವಾಗಲೇ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಐದೂ ಗೇರುಗಳನ್ನು ಹಾಕಿಸಿ, ಇಳಿಸಿ ನೋಡಿದರು. ಲಾಕ್ ನಟ್ಟುಗಳನ್ನು ಬಿಗಿದರು. ಚಕ್ರ ತಿರುಗಿಸುವುದು ಏಕೆಂದು ಕೇಳಿದೆ. ಮೂಲೆಯ ತಗಡಿನ ಡಬ್ಬಿಯಿಂದ ಒಂದು ಉಕ್ಕಿನ ಉರುಳೆ ತೆಗೆದು ಕೈಗೆ ಕೊಟ್ಟರು. ಲಟ್ಟಣಿಗೆಯ ತುಂಡಿನಂತಿತ್ತು, ಮೈಮೇಲೆ ಹಾವು ಹರಿದಂತೆ ವಂಕಿ ವಂಕಿಯಾದ ಕಾಲುವೆಗಳು. ನಾವು ಲಿವರನ್ನು ಒಂದು ಸಲ ಎತ್ತಿದರೆ ಈ ಉರುಳೆ ಒಂದು ಮೆಟ್ಟಿಲು ತಿರುಗುತ್ತದೆ. ಕಾಲುವೆಯಲ್ಲಿ ಕುಳಿತ ಕವೆಗಳು ಗೇರಿನ ಚಕ್ರಗಳನ್ನು ಪಕ್ಕಕ್ಕೆ ಸರಿಸುತ್ತವೆ. ಒಂದರ ಪಕ್ಕೆಯಲ್ಲಿರುವ ಗೂಟ ಇನ್ನೊಂದರ ಪಕ್ಕೆಯ ತೂತಿಗೆ ಹೋಗಿ ಕೂರಬೇಕು. ಎಲ್ಲವೂ ನಿಂತಿರುವಾಗ ಗೂಟಕ್ಕೆ ಗೂಟವೇ ಎದುರಾದರೆ ಎಷ್ಟು ತುಳಿದರೂ ಬೀಳುವುದಿಲ್ಲ. ಆಗ ಬೈಕನ್ನು ಗೇಣುದ್ದ ಮುಂದಕ್ಕೆ ಹಿಂದಕ್ಕೆ ಆಡಿಸಿದರೆ ಗೇರು ಕೂರುತ್ತದೆ. ಸಿಗ್ನಲ್ಲಿನಲ್ಲಿ ಒಂದನೇ ಗೇರು ಬೀಳದಿದ್ದಾಗ ನಾನು ಮಾಡುತ್ತಿದ್ದದ್ದು ಇನ್ನೂ ಜೋರಾಗಿ ತುಳಿಯುವುದನ್ನು.

ಮಾತು ಜಾವಾ ಕಡೆಗೆ ಹೊರಳಿತು. ಅವರ ಜೊತೆ ಕುಳಿತರೆ ಹೊರಳದೆ ಇರುವುದಿಲ್ಲ. ಹಳೆಯ ಜಾವಾದಲ್ಲಿ ಗೇರ್ ಲಿವರೂ ಕಿಕ್ಕರೂ ಒಂದೇ. ಅದನ್ನೇ ಹಿಂದಕ್ಕೆ ತಿರುಗಿಸಿ ಒದ್ದರೆ ಬೈಕು ಸ್ಟಾರ್ಟ್, ಮುಂದಕ್ಕೆ ತಂದರೆ ಗೇರು. ಲಿವರನ್ನು ಕಾಲಿನಿಂದ ಒತ್ತಿದರೆ ಕ್ಲಚ್ಚೂ ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತಂತೆ, ಕೈಯ ಹಂಗಿಲ್ಲ. ಹಳೆಯ ಬುಲೆಟ್ ಇದಕ್ಕೆ ಪೂರ್ತಿ ಬೇರೆ: ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಒಂದನೆಯದು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ‘ಅದನ್ನು ಓಡಿಸಿ ಇಳಿದವನು ಸ್ಪ್ಲೆಂಡರ್ ಹತ್ತಿದರೆ ಏನಾಗುತ್ತದೆ ಹೇಳಿ’ ಎಂದು ನಕ್ಕರು. ನನಗೆ ಲಲಿತಮಹಲ್ ರಸ್ತೆಯ ಹಿರಿಯರು ನೆನಪಾದರು.

ಮರುದಿನ ಕಾಲೇಜಿಗೆ ಹೊರಟಾಗ ಸ್ವರ್ಗ. ಎರಡು, ಮೂರು, ನಾಲ್ಕು, ಬೆರಳು ಆಡಿಸಿದರೆ ಸಾಕು. ಸಂಜೆ ಅಗ್ರಹಾರದ ಸರ್ಕಲ್ಲಿಗೆ ಬರುವ ಹೊತ್ತಿಗೆ ಸ್ವರ್ಗದ ಇನ್ನೊಂದು ಮುಖ ಕಂಡಿತು. ಲಿವರ್ ಈಗ ಎಷ್ಟು ಕೆಳಗಿತ್ತೆಂದರೆ ಅದನ್ನು ತುಳಿದು ಗೇರು ಇಳಿಸಲು ಪಾದವನ್ನು ಪೂರ್ತಿ ಬಗ್ಗಿಸಬೇಕು. ಬಗ್ಗಿಸಿದರೂ ಒಂದು ಗೇರು ಇಳಿಯುವಷ್ಟು ಜಾಗ ಮಾತ್ರ. ಮೂರರಿಂದ ಒಂದಕ್ಕೆ ಬರಬೇಕಾದವಳು ಎರಡರಲ್ಲೇ ನಿಂತೆ. ಇನ್ನೂ ಕೆಟ್ಟದ್ದು ಬೆರಳಿನ ಕಥೆ. ಲಿವರಿನ ಕೆಳಗೆ ಇಕ್ಕಟ್ಟಾಗಿ ಸಿಕ್ಕಿದ್ದ ಷೂವಿನ ಮೂಗು, ಬೈಕು ನಿಂತು ಕಾಲು ಊರಬೇಕಾದ ಕ್ಷಣದಲ್ಲಿ ಹೊರಗೆ ಬರಲಿಲ್ಲ. ಬೈಕು ಎಡಕ್ಕೆ ವಾಲಿತು. ಪಾದ ಬಿಡಿಸಿಕೊಂಡು ನೆಲಕ್ಕೆ ಊರಿದಾಗ ಬೀಳುವುದಕ್ಕೆ ಇನ್ನು ಎರಡು ಅಂಗುಲ ಬಾಕಿಯಿತ್ತು. ಮೇಸ್ತ್ರಿ ಸುಮ್ಮನೆ ಮುಖ ನೋಡಿದ್ದರ ಅರ್ಥ ಆಗ ತಿಳಿಯಿತು.

ಈ ಸಲ ನಾನೇ ಸರಿಮಾಡಿದೆ. 10 ನಂಬರಿನ ಒಳ್ಳೆಯ ರಿಂಗ್ ಸ್ಪ್ಯಾನರ್ ಕೊಂಡೆ. ರಿಂಗ್ ತೂರದ ಕಡೆಗೆ ಅದೇ ಅಳತೆಯ ಓಪನ್ ಸ್ಪ್ಯಾನರ್. ಉಲ್ಟಾ ಮರೆಯ ನಟ್ಟಿಗೆ ಉಗುರು ಬಣ್ಣದ ಚುಕ್ಕೆ ಇಟ್ಟೆ. ಅರ್ಧ ಸುತ್ತು ತಿರುಗಿಸುವುದು, ಲಾಕ್ ನಟ್ ಬಿಗಿಯುವುದು, ಬೀದಿಯಲ್ಲಿ ಒಂದು ಸುತ್ತು ಹೋಗಿಬರುವುದು, ಮತ್ತೆ ಬಿಚ್ಚುವುದು. ಬಿಚ್ಚುವಾಗ ರಾಡಿನ ಎರಡೂ ತುದಿಯಲ್ಲಿ ಸಾಕಷ್ಟು ಮರೆ ಒಳಗೆ ಉಳಿದಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ, ಹೆದ್ದಾರಿಯಲ್ಲಿ ರಾಡು ಕಳಚಿಕೊಂಡರೆ ಇದ್ದ ಗೇರಿನಲ್ಲೇ ಊರು ಸೇರಬೇಕಾಗುತ್ತದೆ. ಹಳೆಯ ಗುರುತಿನಿಂದ ಕೆಳಗೆ, ಮೇಸ್ತ್ರಿ ಕೈಯಲ್ಲಿ ಮಾಡಿಸಿದ್ದಕ್ಕಿಂತ ಒಂದೂವರೆ ಸುತ್ತು ಮೇಲೆ ನಿಂತಿತು. ಪಾದವನ್ನು ಫುಟ್‌ರೆಸ್ಟಿನ ಮೇಲೆ ಸಮನಾಗಿಟ್ಟರೆ ಷೂವಿನ ಮೂಗು ಲಿವರಿನ ಅಡಿಗೆ ತಡೆಯಿಲ್ಲದೆ ಹೋಗುತ್ತದೆ, ತಡೆಯಿಲ್ಲದೆ ಹೊರಬರುತ್ತದೆ; ಮೇಲಿಟ್ಟು ತುಳಿದರೆ ಕಣಕಾಲು ಸೆಟೆಯುವುದಿಲ್ಲ. ನಾಲ್ಕು ಸಂಜೆ ಹಿಡಿಯಿತು. ಎದುರು ಮನೆಯವರು, ‘ಇನ್ನೂ ರಿಪೇರಿ ಮುಗಿಯಲಿಲ್ಲವೇ?’ ಎಂದು ಮೂರು ಸಲ ಕೇಳಿದರು.

ನೆಲದ ಡೊಂಕು ಹೋಯಿತು. ಕುಣಿತ? ಎರಡರಿಂದ ಮೂರಕ್ಕೆ ಎತ್ತಿ, ಕೂಡಲೇ ನಾಲ್ಕಕ್ಕೆ ಎತ್ತಿದರೆ ನಾಲ್ಕು ಬೀಳುತ್ತಿರಲಿಲ್ಲ. ಯಾವಾಗಲೂ ಅಲ್ಲ, ಅವಸರದಲ್ಲಿದ್ದಾಗ. ಮತ್ತೆ ರಾಡಿನ ಮೇಲೆ ಅನುಮಾನ. ಮತ್ತೆ ಮೇಸ್ತ್ರಿಯ ಅಂಗಡಿ. ಈ ಸಲ ಅವರು ಬೈಕನ್ನು ನೋಡಲೇ ಇಲ್ಲ. ಸ್ಟೂಲಿನ ಮೇಲೆ ಕುಳಿತು, ‘ಅಂಗಡಿ ಮುಂದೆ ಹೋಗಿ ಬನ್ನಿ’ ಎಂದರು. ಹೋಗಿ ಬಂದೆ.

‘ಗೇರು ಬಿದ್ದ ಮೇಲೂ ಕಾಲನ್ನು ಅಲ್ಲೇ ಕೊಕ್ಕೆ ಹಾಕಿ ಇಟ್ಟಿರುತ್ತೀರಿ. ಬಿಡಿ ಅದನ್ನು.’

ಪ್ರತಿ ಗೇರಿನ ನಂತರ ಲಿವರ್ ಸ್ಪ್ರಿಂಗಿನ ಬಲದಿಂದ ತನ್ನ ನಡುಜಾಗಕ್ಕೆ ಮರಳಬೇಕು. ಮರಳಿದರೆ ಮಾತ್ರ ಮುಂದಿನ ಮೆಟ್ಟಿಲಿಗೆ ಕೈ ಹಾಕುತ್ತದೆ. ಅಡಿಯಿಂದ ಬೆರಳು ಒತ್ತಿಹಿಡಿದಿದ್ದರೆ ಅದು ಮರಳುವುದಿಲ್ಲ, ಎರಡನೆಯ ಸಲ ಎತ್ತಿದ್ದು ವ್ಯರ್ಥ. ಹಾಗೆ ಒತ್ತಿಹಿಡಿದೇ ಓಡಿಸಿದರೆ ಒಳಗಿನ ಕವೆಗಳೂ ಸವೆಯುತ್ತವೆ. ಈ ಚಾಳಿ ನನಗೆ ಬಂದದ್ದೂ ಆ ಹಳೆಯ ಎತ್ತರದಿಂದಲೇ. ಲಿವರ್ ಎಲ್ಲಿದೆ ಎಂದು ಪ್ರತಿ ಸಲ ಹುಡುಕುವುದು ಕಷ್ಟವೆಂದು ಸಿಕ್ಕ ಮೇಲೆ ಬಿಡದೆ ಹಿಡಿದುಕೊಳ್ಳುವುದನ್ನು ಕಾಲು ಕಲಿತುಬಿಟ್ಟಿತ್ತು. ಡೊಂಕು ನೆಲದಲ್ಲಿ ಕಲಿತ ಹೆಜ್ಜೆ, ನೆಲ ನೆಟ್ಟಗಾದ ಮೇಲೂ ಡೊಂಕಾಗಿಯೇ ಬೀಳುತ್ತಿತ್ತು.

ಇದನ್ನು ಬಿಡಿಸಲು ಸ್ಪ್ಯಾನರ್ ಸಾಲದು. ಮತ್ತೆ ಲಲಿತಮಹಲ್ ರಸ್ತೆ, ಮತ್ತೆ ಬೆಳಗಿನ ಆರು ಗಂಟೆ. ಆಕ್ಸಿಲರೇಟರ್ ಇಳಿಸು, ಕ್ಲಚ್ ಹಿಡಿ, ಎತ್ತು, ಕ್ಲಚ್ ಬಿಡು, ಕಾಲು ಹಿಂದಕ್ಕೆ. ಆ ಕೊನೆಯದಕ್ಕೆ ನಾನು ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ‘ಬಾ’ ಎಂದು ಹೇಳಿಕೊಳ್ಳುತ್ತಿದ್ದೆ, ಅಂಗಳದ ಕರುವನ್ನು ಕರೆದ ಹಾಗೆ. ಎತ್ತು, ಬಾ. ಎತ್ತು, ಬಾ. ಎಂಟು ಬೆಳಗುಗಳ ನಂತರ ಚಾಮುಂಡಿ ಬೆಟ್ಟ ಹತ್ತಿದೆ. ತಿರುವಿಗೆ ಮೊದಲು ಒಂದು ಗೇರು ಇಳಿಸಿ, ತಿರುವು ದಾಟಿ ಒಂದು ಗೇರು ಏರಿಸಿ, ಬೆಟ್ಟದ ರಸ್ತೆಯೇ ಲೆಕ್ಕ ಕೊಟ್ಟು ಮಾಡಿಸುವ ಮೇಷ್ಟ್ರ ಹಾಗೆ. ಇಳಿಯುವಾಗ ಎರಡನೇ ಗೇರಿನಲ್ಲೇ ಬಿಟ್ಟೆ. ಎಂಜಿನ್ನೇ ತಡೆದು ಹಿಡಿಯುತ್ತಿತ್ತು, ಬ್ರೇಕನ್ನು ಅಲ್ಲೊಮ್ಮೆ ಇಲ್ಲೊಮ್ಮೆ ಮುಟ್ಟಿದೆ ಅಷ್ಟೇ. ಕೆಳಗೆ ಬಂದು ನಿಲ್ಲಿಸಿದಾಗ ಗಮನಕ್ಕೆ ಬಂತು, ಅರ್ಧ ದಾರಿಯಿಂದ ನಾನು ‘ಬಾ’ ಎಂದಿರಲಿಲ್ಲ.

ಮೊನ್ನೆ ತಮ್ಮ ತನ್ನ ಗಾಡಿ ಸರ್ವಿಸಿಗೆ ಬಿಟ್ಟು ನನ್ನದನ್ನು ತೆಗೆದುಕೊಂಡು ಹೋದ. ಅವನದು ಹತ್ತು ನಂಬರ್ ಷೂ. ಅರ್ಧ ಗಂಟೆಯಲ್ಲಿ ವಾಪಸು ಬಂದು, ‘ಅಕ್ಕ, ಇದರ ಗೇರ್ ಲಿವರ್ ಸರಿಯಿಲ್ಲ, ಕಾಲೇ ಹೋಗುವುದಿಲ್ಲ’ ಎಂದ. ಅಡುಗೆಮನೆಯಿಂದ ಅಮ್ಮ ಬಾಯಿ ತೆರೆಯುವ ಮುನ್ನ ನಾನೇ ಅವನ ಪರ ವಹಿಸಿದೆ.

ನನ್ನ ಕ್ಯಾನ್ವಾಸ್ ಷೂವಿನ ಎಡಗಾಲಿನದು ಮೂಗಿನ ಮೇಲೆ ತೂತು ಬಿದ್ದಿದೆ, ಬಲಗಾಲಿನದು ಹೊಸದರಂತಿದೆ. ಒಂದನ್ನೇ ಚೀಲದಲ್ಲಿ ಹಾಕಿಕೊಂಡು ದೇವರಾಜ ಮಾರುಕಟ್ಟೆಯ ಹತ್ತಿರ ಕೂರುವ ಚಮ್ಮಾರರ ಬಳಿ ಹೋದೆ. ತಿರುಗಿಸಿ ನೋಡಿ, ತೂತಿನ ಮೇಲೆ ಹೆಬ್ಬೆರಳಿಟ್ಟು ‘ಗೇರು’ ಎಂದರು. ಚರ್ಮದ ತುಂಡು ಹುಡುಕಿ ತೂತಿನ ಮೇಲಿಟ್ಟು ಅಳೆದರು. ತೆಳ್ಳಗಿನದು ಸಾಕೋ ದಪ್ಪದ್ದು ಬೇಕೋ ಎಂದು ಕೇಳಿದರು. ದಪ್ಪದ್ದು ಬಾಳಿಕೆ ಬರುತ್ತದೆ, ನಿಜ. ಆದರೆ ರಾಡನ್ನು ಮತ್ತೆ ಕಾಲು ಸುತ್ತು ತಿರುಗಿಸಬೇಕಾಗುತ್ತದೆ. ತೆಳ್ಳಗಿನದನ್ನೇ ಹಾಕಿ ಎಂದೆ.